ಕೋರಾ ಪೆನ್ನುಗಳ ದೀಪಾವಳಿ

ಸೂರತ್‌ನಿಂದ ಅಹಮದಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ವಡೋದರಾ ಇನ್ನೂ ಸ್ವಲ್ಪ ದೂರ ಇರುವಾಗ, ಕಾರಿನ ಟೈರು ಪಂಕ್ಚರ್ ಆಯಿತು. ರಸ್ತೆ ಬದಿಯ ಶೆಡ್ಡಿನಲ್ಲಿ ಒಬ್ಬಾತ ಹಳೆಯ ಟ್ಯೂಬಿನ ತೂತಿಗೆ ರಬ್ಬರ್ ತುಂಡು ಇಟ್ಟು, ಬಿಸಿ ಕಬ್ಬಿಣದ ಅಡಿಯಲ್ಲಿ ಬಿಗಿದಿದ್ದ. ಕಾದ ರಬ್ಬರಿನಿಂದ ಗಂಧಕದ ವಾಸನೆ ಬರುತ್ತಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಡ್ರೈವರು ತಾನೇ ತಪ್ಪು ಮಾಡಿದೆನೆಂದುಕೊಂಡು ನನಗೆ ಚಹಾ ತಂದುಕೊಟ್ಟ.

ಮೂಗಿಗೊಂದು ವಾಸನೆ ತಾಗಿದೊಡನೆ ಕಳೆದುಹೋದ ಕಾಲವೆಲ್ಲ ಬಿಚ್ಚಿಕೊಂಡಿತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನ್ನೆದುರು ಏನೂ ಬಿಚ್ಚಿಕೊಳ್ಳಲಿಲ್ಲ. ಮೊದಲು ಬಂದದ್ದು ಸಿಟ್ಟು, ಅದೂ ಯಾರ ಮೇಲೆಂದು ಗೊತ್ತಾಗುವ ಮೊದಲೇ. ಉಳಿದದ್ದನ್ನು ಚಹಾ ಕುಡಿಯುತ್ತಾ ನಾನೇ ಜೋಡಿಸಿಕೊಂಡೆ. ಜೋಡಿಸಿದ್ದು ಎಂದ ಮೇಲೆ ಕೆಲವು ತುಂಡುಗಳು ತಪ್ಪು ಜಾಗದಲ್ಲಿ ಕೂತಿರಬಹುದು.

ನಮ್ಮ ಮನೆತನದ ಕಸುಬು ಪೆನ್ನು. ಶಾಯಿ ತುಂಬಿ ಬರೆಯುವ ಪೆನ್ನು. ಅದರ ಮೈಗೆ ಬಳಸುತ್ತಿದ್ದದ್ದು ಎಬೊನೈಟ್, ಅಂದರೆ ಗಂಧಕ ಸೇರಿಸಿ ಬೇಯಿಸಿ ಕಲ್ಲಿನಂತೆ ಗಟ್ಟಿಯಾಗಿಸಿದ ರಬ್ಬರು. ಲೇತಿನ ಮೇಲೆ ಅದನ್ನು ಕಡೆದಾಗ ಟೈರ್ ಶೆಡ್ಡಿನ ಇದೇ ವಾಸನೆ ಏಳುತ್ತಿತ್ತು. ನಮ್ಮ ಬಟ್ಟೆ, ಕೂದಲು, ದೇವರ ಕೋಣೆಯ ಪರದೆ ಎಲ್ಲವೂ ಅದೇ ವಾಸನೆ ಹೊಡೆಯುತ್ತಿದ್ದವು. ಈಗ ದೊಡ್ಡಪ್ಪನ ಮಗ ಸುಧೀಂದ್ರ ಆ ಕಂಪನಿಯ ಚರಿತ್ರೆ ಬರೆಸುತ್ತಿದ್ದಾನೆ. ಅವನು ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲಿ, ಅವನ ಕನ್ನಡ ಯಾವಾಗಲೂ ಬೇರೆ ಭಾಷೆಗಳ ಕೈಹಿಡಿದೇ ನಡೆಯುತ್ತದೆ. "ನೀನು ರೈಟರ್ ಅಲ್ವಾ ಅಕ್ಕ, ಎರಡು ಪೇಜ್ ಲಿಖ್ ದೇ ನಾ. ಸ್ವಲ್ಪ ಎಮೋಶನಲ್ ಇರ್ಲಿ" ಎಂದು ಫೋನಿನಲ್ಲಿ ಹೇಳಿದ. ಕೊನೆ ಹೇಗಿರಬೇಕೆಂದು ಅವನಿಗೆ ಆಗಲೇ ಗೊತ್ತಿತ್ತು. ಬಾಲ್‌ಪೆನ್ನು ಬಂತು, ಕಂಪ್ಯೂಟರ್ ಬಂತು, ನಾವು ಮುಳುಗಿದೆವು. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಇದನ್ನೇ. ಯಾರಿಗೂ ನೋವಾಗದ ಕಥೆ, ಬಾಲ್‌ಪೆನ್ನಿಗೆ ಬಿಟ್ಟು.

ಚರಿತ್ರೆಯ ಮೊದಲ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಅಜ್ಜಯ್ಯ ಬಾರ್ಕೂರಿನ ಕಡೆ ಸೀತಾನದಿಯ ದಡದಿಂದ ಬಂದವರು. ಬರೋಡದ, ಅಂದರೆ ಈಗಿನ ವಡೋದರಾದ, ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ರುಬ್ಬುವುದಕ್ಕೆ, ಆಮೇಲೆ ಗಲ್ಲಾಪೆಟ್ಟಿಗೆಗೆ ಕೂತರು. ಕಾಲೇಜು ಹುಡುಗರು ಸೋರುವ ಪೆನ್ನುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟು ಹೋಗುತ್ತಿದ್ದರಂತೆ. ದೋಸೆ ಬರುವಷ್ಟರಲ್ಲಿ ಅಜ್ಜಯ್ಯ ಅವನ್ನು ಬಿಚ್ಚಿ, ತೊಳೆದು, ಸರಿಮಾಡಿ ಇಡುತ್ತಿದ್ದರಂತೆ. ಬರೋಡದ ಹತ್ತಿರದ ಸಂಖೇಡಾದಲ್ಲಿ ಮರದ ತೊಟ್ಟಿಲು, ಕುರ್ಚಿಕಾಲು ಕಡೆಯುವ ಖರಾದಿಗಳಿದ್ದಾರೆ. ಅವರಲ್ಲೊಬ್ಬರ ಹತ್ತಿರ ಲೇತಿನ ಕೆಲಸ ಕಲಿತು, ಹಳೇಪೇಟೆಯ ಒಂದು ಪೋಳಿನಲ್ಲಿ, ಅಂದರೆ ಬಾಗಿಲಿರುವ ಓಣಿಯಲ್ಲಿ, ಕೆಳಗೆ ಕಾರ್ಖಾನೆ ಮೇಲೆ ಮನೆ ಎಂದು ಶುರುಮಾಡಿದರು. ಪೆನ್ನಿಗೆ ‘ಸೀತಾ’ ಎಂದು ಹೆಸರಿಟ್ಟರು. ಗುಜರಾತಿಗಳು ಅದನ್ನು ರಾಮನ ಹೆಂಡತಿ ಎಂದುಕೊಂಡು ಹಣೆಗೊತ್ತಿಕೊಂಡು ಕೊಂಡರು. ಹೊಳೆಯ ಹೆಸರೆಂದು ಅಜ್ಜಯ್ಯ ಯಾರಿಗೂ ಹೇಳಲು ಹೋಗಲಿಲ್ಲ.

ಅಜ್ಜಯ್ಯನ ನಂತರ ಅಪ್ಪಯ್ಯ ಬರೋಡದ ಕಾರ್ಖಾನೆ ನೋಡಿಕೊಂಡರು, ದೊಡ್ಡಪ್ಪ ಅಹಮದಾಬಾದಿನ ಅಂಗಡಿ ಮತ್ತು ವ್ಯಾಪಾರ. ನಿಬ್ಬಿನ ಮೇಜಿನಲ್ಲಿ ಕೂತವಳು ಸರಸತ್ತೆ, ಅವರಿಬ್ಬರ ತಂಗಿ. ಮದುವೆಯಾಗಿ ಸಾಲಿಗ್ರಾಮಕ್ಕೆ ಹೋಗಿದ್ದವಳು ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕಿನೊಂದಿಗೆ ಬರೋಡಕ್ಕೆ ವಾಪಸು ಬಂದಳು. ನಾನಾಗ ತುಂಬ ಚಿಕ್ಕವಳು.

ಅವಳ ಕೆಲಸ ಇಷ್ಟು: ನಿಬ್ಬಿನ ಅಡಿಯಲ್ಲಿ ಶಾಯಿಯನ್ನು ತುದಿಗೆ ತರುವ ಒಂದು ಪಟ್ಟಿ ಇರುತ್ತದೆ. ನಾವು ಅದನ್ನು ನಾಲಿಗೆ ಎನ್ನುತ್ತಿದ್ದೆವು. ಅದೂ ಎಬೊನೈಟಿನದೇ. ಬಿಸಿನೀರಿನಲ್ಲಿ ಅದ್ದಿದರೆ ಸ್ವಲ್ಪ ಮೆತ್ತಗಾಗುತ್ತದೆ. ಆ ಹೊತ್ತಿಗೆ ಹೆಬ್ಬೆರಳಿನಿಂದ ಒತ್ತಿ ನಿಬ್ಬಿಗೆ ಅಂಟಿದಂತೆ ಕೂರಿಸಬೇಕು. ನಡುವೆ ಸಂದು ಬಿಟ್ಟರೆ ಪೆನ್ನು ಒಂದೋ ಬರೆಯುವುದಿಲ್ಲ, ಇಲ್ಲವೋ ಕಾರುತ್ತದೆ. ಆಮೇಲೆ ಪ್ರತಿ ಪೆನ್ನಿನಲ್ಲೂ ಬರೆದು ನೋಡುವುದು. ಅಜ್ಜಯ್ಯನ ಕಾಲದಿಂದ ಬರೆಯುತ್ತಿದ್ದದ್ದು ಕನ್ನಡ ಅಕ್ಷರ, ಮುಖ್ಯವಾಗಿ ‘ಕ್ಷೌ’ ಮತ್ತು ‘ಋ’. ಎಲ್ಲ ದಿಕ್ಕಿಗೂ ಸುತ್ತುವ ಅಕ್ಷರಗಳಾದ್ದರಿಂದ, ಅಲ್ಲಿ ಗೀರದ ನಿಬ್ಬು ಮತ್ತೆಲ್ಲಿಯೂ ಗೀರುವುದಿಲ್ಲ ಎಂದು ಅವರ ಲೆಕ್ಕ. ಬರೋಡದಲ್ಲಿ ಬೆಳೆದ ನನಗೆ ಕನ್ನಡ ಓದಲು ಬಂದದ್ದು ಶಾಲೆಯಲ್ಲಲ್ಲ, ಆ ಮೇಜಿನಲ್ಲಿ.

ದೀಪಾವಳಿಗೆ ಮಾತ್ರ ಬೇರೆ ಕ್ರಮ. ಅಲ್ಲಿಯ ವ್ಯಾಪಾರಿಗಳು ಲಕ್ಷ್ಮೀಪೂಜೆಯ ದಿನ ಹೊಸ ಕೆಂಪು ಖಾತೆಪುಸ್ತಕ ಇಟ್ಟು, ಮೊದಲ ಪುಟದಲ್ಲಿ ಶ್ರೀ ಶ್ರೀ ಎಂದು ಗೋಪುರದ ಆಕಾರದಲ್ಲಿ ಬರೆಯುತ್ತಾರೆ. ಅದಕ್ಕೆ ಪೆನ್ನು ಕೋರಾ ಇರಬೇಕು, ಅಂದರೆ ಹಿಂದೆ ಒಂದಕ್ಷರವನ್ನೂ ಬರೆದಿರಬಾರದು. ಬರೆದು ನೋಡದ ಪೆನ್ನನ್ನು ಕೊಡಲು ಅಜ್ಜಯ್ಯನಿಗೆ ಮನಸ್ಸಿಲ್ಲ. ಅದಕ್ಕೆ ಅವರು ಕಂಡುಹಿಡಿದ ದಾರಿ ನೀರು. ಖಾಕಿ ಕಾಗದದ ಮೇಲೆ ಬರೀ ನೀರಿನಲ್ಲಿ ಬರೆಯುವುದು. ಅಕ್ಷರ ಕಪ್ಪಗೆ ಕಾಣುತ್ತದೆ, ಬರೋಡದ ಆಶ್ವಯುಜ ಮಾಸದ ಬಿಸಿಲಿಗೆ ಒಣಗುತ್ತದೆ, ಏನೂ ಉಳಿಯುವುದಿಲ್ಲ. ಬರೆದ ಹಾಗೂ ಆಯಿತು, ಬರೆಯದ ಹಾಗೂ ಆಯಿತು. ಪ್ರತಿವರ್ಷ ದೀಪಾವಳಿಗೆ ಮುಂಚೆ ಸರಸತ್ತೆ ಹೀಗೆ ಕಾಗದದ ಹಾಳೆಗಟ್ಟಲೆ ನೀರು ಬರೆಯುತ್ತಿದ್ದಳು.

ನಾನು ಹೇಳಬೇಕಾದ ವರ್ಷ ತೊಂಬತ್ತಾರು ಇರಬೇಕು. ಸೂರತ್ತಿಗೆ ಪ್ಲೇಗ್ ಬಂದು ಹೋಗಿ ಎರಡು ವರ್ಷವಾಗಿತ್ತು, ಆ ಊರನ್ನು ಉಜ್ಜಿ ತೊಳೆದಿದ್ದರು. ನಾನು ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಮಳೆ ನಿಂತು ಪೋಳಿನ ಗೋಡೆಗಳಿಂದ ಹಬೆ ಏಳುತ್ತಿದ್ದ ದಿನಗಳು. ದೊಡ್ಡಪ್ಪ ಸೂರತ್ತಿನಿಂದ ನೇರ ಬಂದು ಕಾರ್ಖಾನೆಯಲ್ಲಿ ಕೂತರು. ನಟುಭಾಯಿ ಎಂಬ ಸೀರೆ ವ್ಯಾಪಾರಿ ಇದ್ದರು. ಸೂರತ್ತಿನ ಪಾಂಡೇಸರಾದ ಮಿಲ್ಲುಗಳಲ್ಲಿ ಸೀರೆಗೆ ಬಣ್ಣ ಹಾಕಿಸಿ ಊರೂರಿಗೆ ಕಳಿಸುವವರು. ವರ್ಷವೂ ನಮ್ಮಿಂದ ಪೆನ್ನು ಕೊಳ್ಳುವವರು, ಆ ಸಲ ತಮ್ಮ ಎಲ್ಲ ಗಿರಾಕಿಗಳಿಗೂ ಪೂಜೆಗೆಂದು ಸೀತಾ ಪೆನ್ನು ಹಂಚುವುದಾಗಿ ಹೇಳಿದ್ದರು. ಅಂಥ ಆರ್ಡರು ನಮಗೆ ಹಿಂದೆಂದೂ ಬಂದಿರಲಿಲ್ಲ.

"ನವರಾತ್ರಿಯಲ್ಲಿ ಅವರೇ ಇಲ್ಲಿಗೆ ಬರ್ತಾರಂತೆ" ಎಂದರು ದೊಡ್ಡಪ್ಪ. "ಮೊದಲ ಪೆಟ್ಟಿಗೆ ತಾವೇ ಕೈಯಾರೆ ತಗೊಂಡು ಹೋಗುದಂತೆ."

"ಬರಲಿ" ಎಂದರು ಅಪ್ಪಯ್ಯ.

"ಬರಲಿ, ಹೌದು. ಆದರೆ ಸರಸ ಮೇಜಿನಲ್ಲಿ ಕೂತದ್ದು ಅವರಿಗೆ ಕಾಣುದು ಬೇಡ. ಲಕ್ಷ್ಮಿಯ ಮುಂದೆ ಇಡುವ ಪೆನ್ನು ಮಾರಾಯ. ಮುತ್ತೈದೆ ಕೈ ಮೊದಲು ತಾಗಬೇಕು. ದೀಪಾವಳಿ ಕಳೆಯುವವರೆಗೆ ಅವಳು ಮೇಲೆ ಇರಲಿ. ನಾನು ಇವಳನ್ನು ಕಳಿಸ್ತೇನೆ." ಇವಳು ಎಂದರೆ ದೊಡ್ಡಮ್ಮ.

ಸರಸತ್ತೆ ಅಲ್ಲೇ ಇದ್ದಳು. ಮೇಜಿನಲ್ಲಿ, ಎದುರಿಗೆ ಬಿಸಿನೀರಿನ ಪಾತ್ರೆ ಇಟ್ಟುಕೊಂಡು. ಅವಳ ಮುಂದೆಯೇ, ಅವಳನ್ನು ನೋಡದೆ, ಅಣ್ಣ ತಮ್ಮ ಮಾತಾಡುತ್ತಿದ್ದರು.

ನಾನು ಕೇಳಿದೆ, "ಇಷ್ಟು ವರ್ಷ ಯಾವ ಕೈ ಮೊದಲು ತಾಗಿದ್ದು ದೊಡ್ಡಪ್ಪ?"

"ಇಷ್ಟು ವರ್ಷ ಯಾರೂ ನೋಡ್ಲಿಲ್ಲ."

"ಹಾಗಾದ್ರೆ ಲಕ್ಷ್ಮಿಗೂ ಕಾಣ್ಲಿಲ್ವಾ?"

"ಈ ಭಾಷಣ ನಿನ್ನ ಕಾಲೇಜಿನಲ್ಲಿ ಮಾಡು ಮಗಾ. ಅಲ್ಲಿ ಸಂಬಳ ಆದ್ರೂ ಕೊಡ್ತಾರೆ."

ಅವರು ನಕ್ಕರು. ದೊಡ್ಡಪ್ಪ ಕೆಟ್ಟ ಮನುಷ್ಯರಾಗಿರಲಿಲ್ಲ ಎಂದು ಇಲ್ಲಿ ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ನಾನು ಅಪ್ಪಯ್ಯನ ಮುಖ ನೋಡಿದೆ. ಅವರು ಎದ್ದು ಹೋಗಿ ಲೇತಿನ ಸ್ವಿಚ್ಚು ಒತ್ತಿದರು. ಆ ಸದ್ದಿನಲ್ಲಿ ಇನ್ನು ಯಾರು ಏನು ಹೇಳಿದರೂ ಕೇಳುವಂತಿರಲಿಲ್ಲ. ಸರಸತ್ತೆ ಕೈಯಲ್ಲಿದ್ದ ನಿಬ್ಬನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ಇಟ್ಟು, ಮೆಟ್ಟಿಲು ಹತ್ತಿ ಮೇಲೆ ಹೋದಳು.

ಹೀಗೆ ಮಾಡಿ ಎಂದು ಯಾರೂ ಕೇಳಿರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ನಟುಭಾಯಿ ಕೇಳಿರಲಿಲ್ಲ. ಸೂರತ್ತಿನ ಯಾವ ವ್ಯಾಪಾರಿಯೂ ಕೇಳಿರಲಿಲ್ಲ. ಊರಿನಿಂದ ಸಾಂಬಾರು ಪುಡಿ, ಕೊಬ್ಬರಿ ಎಣ್ಣೆ ತಂದ ಹಾಗೆ ನಾವು ಈ ಶುಭ ಅಶುಭದ ಲೆಕ್ಕವನ್ನೂ ಕಟ್ಟಿಕೊಂಡು ತಂದಿದ್ದೆವು. ಅಲ್ಲಿಯವರ ಮನಸ್ಸಿನಲ್ಲೂ ಅದೇ ಇರುತ್ತದೆಂದು ನಾವೇ ಊಹಿಸಿ, ಅವರಿಗೆ ಬೇಡದ ಮರ್ಯಾದೆಯನ್ನು ಅವರಿಗೆ ಮಾಡಲು ಹೊರಟೆವು.

ಅಹಮದಾಬಾದಿನ ವಸ್ತ್ರಾಪುರದ ಹೊಸ ಫ್ಲ್ಯಾಟಿನಿಂದ ದೊಡ್ಡಮ್ಮ ಬಂದರು, ದಿನಕ್ಕೊಂದು ರೇಷ್ಮೆ ಸೀರೆಯೊಂದಿಗೆ. ಪಾಪ, ಅವರಿಗೆ ಆ ಕೆಲಸ ಬೇಕಿರಲಿಲ್ಲ. "ನಂಗೆ ಎಂತ ಗೊತ್ತುಂಟು ಮಗಾ? ಬರೆದ್ರೆ ಪಾಸು. ಬರೀದಿದ್ರೆ ಇನ್ನೊಂದು ಸಲ ಅದ್ದುದು" ಎನ್ನುತ್ತಿದ್ದರು. ನೀರು ತೆಳು, ಯಾವ ಸಂದಿನಲ್ಲೂ ಇಳಿದುಬಿಡುತ್ತದೆ. ಹಾಗಾಗಿ ಎಲ್ಲ ಪೆನ್ನುಗಳೂ ಪಾಸಾದವು. ಬಿಸಿನೀರಿಗೆ ಬೆರಳು ಹಾಕಿದ ಮೊದಲ ದಿನವೇ ಅವರ ಹೆಬ್ಬೆರಳು ಬೊಬ್ಬೆ ಎದ್ದಿತು. ಊಟದ ಹೊತ್ತಿಗೆ ಸರಸತ್ತೆ ಕೇಳಿದಳು, "ಅತ್ತಿಗೆ, ಬೆರಳು ಬೆಂತಾ? ತುಪ್ಪ ಹಚ್ಚಿ. ಡಬ್ಬಿ ನಾನು ಮುಟ್ಟಿದ್ದೇ, ಅಡ್ಡಿಯಿಲ್ವಲ್ಲ?" ದೊಡ್ಡಮ್ಮ ತಲೆ ತಗ್ಗಿಸಿ ಊಟ ಮಾಡಿದರು. ಸಂಜೆ ದೊಡ್ಡಪ್ಪ ಫೋನಿನಲ್ಲಿ ತೀರ್ಪು ಕೊಟ್ಟರು: "ಬಿಸಿನೀರು ಬೇಡ ಬಿಡಿ. ಹೊಸ ನಿಬ್ಬು, ತಾನೇ ಕೂತ್ಕೊಳ್ತದೆ."

ಅದು ಕೂರುವುದಿಲ್ಲ ಎಂದು ಅಪ್ಪಯ್ಯನಿಗೆ ಗೊತ್ತಿತ್ತು. ಅವರು ಹೇಳಿದ್ದು, "ಅಣ್ಣಯ್ಯ ಹೇಳಿದ ಮೇಲೆ ಎಂತ?"

ನವರಾತ್ರಿಯ ನಡುವೆ, ದೊಡ್ಡಪ್ಪ ಅಹಮದಾಬಾದಿನಿಂದ ಬಂದು ಕಾದಿದ್ದ ದಿನ, ನಟುಭಾಯಿ ಬಂದರು. ಬಿಳಿ ಸಫಾರಿ ಸೂಟು, ಬಾಯಿತುಂಬ ನಗು. ಹೊರಗೆ ಪೋಳಿನಲ್ಲಿ ಗರ್ಬಾಕ್ಕೆ ದೀಪದ ಸರ ಕಟ್ಟುತ್ತಿದ್ದರು. ದೊಡ್ಡಮ್ಮ ಮೇಜಿನಲ್ಲಿ ಬೊಂಬೆಯಂತೆ ಕೂತು ನೀರು ಬರೆದರು. ನಟುಭಾಯಿ ಅದನ್ನು ಅರೆಕ್ಷಣ ನೋಡಿ, ಅಪ್ಪಯ್ಯನ ಲೇತಿನ ಹತ್ತಿರವೇ ಹೆಚ್ಚು ಹೊತ್ತು ನಿಂತರು. ಮೇಲಿಂದ ಗೋಳಿಬಜೆ ಬಂತು. ಮಾಡಿದವಳು ಸರಸತ್ತೆ. ನಟುಭಾಯಿ ಚಟ್ನಿಗೆ ಅದ್ದಿ ತಿಂದು, ಇನ್ನೂ ಬೇಕೆಂದು ಕೇಳಿ ತರಿಸಿಕೊಂಡರು. ಅವಳು ಹಿಟ್ಟು ಕಲಸಿದ ಕೈ ಹೊಟ್ಟೆಗೆ ಹೋಗಬಹುದು, ಪೆನ್ನಿಗೆ ಹೋಗಬಾರದು. ನಾನಿದನ್ನು ದೊಡ್ಡಪ್ಪನ ಕಿವಿಯಲ್ಲಿ ಹೇಳಿದೆ. ಅವರು ನನಗೆ ಇನ್ನೊಂದು ಗೋಳಿಬಜೆ ಕೊಟ್ಟರು, ಬಾಯಿ ಮುಚ್ಚಲಿಕ್ಕೆ.

ಪೆನ್ನುಗಳು ಹೋದವು. ದೀಪಾವಳಿ ಆಯಿತು. ಆ ವರ್ಷ ಸರಸತ್ತೆ ಪಟಾಕಿಯ ಸದ್ದಿಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದಳು ಎಂದು ಬರೆಯಬಹುದು, ಆದರೆ ನನಗೆ ನೆನಪಿಲ್ಲ. ಬಹುಶಃ ಹೋಳಿಗೆ ಮಾಡುತ್ತಿದ್ದಳು.

ಗುಜರಾತಿನಲ್ಲಿ ದೀಪಾವಳಿ ಕಳೆದು ಲಾಭಪಂಚಮಿಯ ದಿನ ಅಂಗಡಿಗಳ ಬಾಗಿಲು ಮತ್ತೆ ತೆರೆಯುತ್ತದೆ. ಆ ದಿನ ಬೆಳಿಗ್ಗೆಯೇ ನಟುಭಾಯಿ ಫೋನು ಮಾಡಿದರು, ದೊಡ್ಡಪ್ಪನಿಗಲ್ಲ, ಅಪ್ಪಯ್ಯನಿಗೆ. ಬನ್ನಿ ಎಂದಷ್ಟೇ ಹೇಳಿದರು. ಅಪ್ಪಯ್ಯನ ಜೊತೆ ನಾನೂ ಸೂರತ್ತಿಗೆ ಹೋದೆ.

ಅಂಗಡಿಯಲ್ಲಿ ಬಿಳಿ ಹಾಸಿನ ಗಾದಿಯ ಮೇಲೆ ಅವರು ಕಾಲು ಮಡಚಿ ಕೂತಿದ್ದರು. ಚಹಾ ತರಿಸಿದರು, ಹೊಸವರ್ಷದ ಶುಭಾಶಯ ಹೇಳಿದರು, ಆಮೇಲೆ ಕೆಂಪು ಪುಸ್ತಕ ತೆರೆದು ನಮ್ಮ ಮುಂದೆ ಇಟ್ಟರು. ಮೊದಲ ಪುಟ. ಗೋಪುರದ ತುದಿಯ ಶ್ರೀ ಇರಬೇಕಾದಲ್ಲಿ ಅಂಗೈಯಗಲದ ಶಾಯಿಯ ಮಡು. ಅವರ ಗಿರಾಕಿಗಳಲ್ಲಿ ಕೆಲವರ ಪೆನ್ನು ಕಾರಿತ್ತು, ಕೆಲವರದು ಏನು ಮಾಡಿದರೂ ಬರೆದಿರಲಿಲ್ಲ. ವರ್ಷದ ಮೊದಲ ಅಕ್ಷರ, ಲಕ್ಷ್ಮಿಯ ಮುಂದೆ, ಮನೆಮಂದಿಯೆಲ್ಲ ಕೈಮುಗಿದು ನಿಂತಿರುವಾಗ. ನಟುಭಾಯಿ ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

"ಈ ಸಲ ಏನಾಯಿತು? ಕೈ ಬದಲಾಯಿತಾ?" ಎಂದು ಗುಜರಾತಿಯಲ್ಲಿ ಕೇಳಿದರು.

ಅಪ್ಪಯ್ಯ ಚಹಾದ ಲೋಟ ಕೆಳಗಿಟ್ಟರು. ಜೀವಮಾನದಲ್ಲಿ ಅಣ್ಣನ ಮಾತಿಗೆ ಎದುರಾಡದ ಮನುಷ್ಯ, ಪರವೂರಿನಲ್ಲಿ, ಪರಭಾಷೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ನಿಬ್ಬು ಕೂರಿಸುವವಳು ನನ್ನ ತಂಗಿ. ಗಂಡ ಇಲ್ಲದವಳು. ನಿಮ್ಮ ಪೂಜೆಗೆ ಅಶುಭ ಆಗಬಾರದೆಂದು ಈ ಸಲ ಅವಳನ್ನು ಕೂರಿಸಲಿಲ್ಲ.

"ಕೋಣೇ ಕಹ್ಯುಂ?" ಎಂದರು ನಟುಭಾಯಿ. ಯಾರು ಹೇಳಿದ್ದು?

ಅಪ್ಪಯ್ಯ ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು.

"ಅಲ್ಲ, ಯಾರು ಹೇಳಿದ್ದು ನಿಮಗೆ? ನಾನು ಹೇಳಿದೆನಾ?" ಎಂದು ಮತ್ತೆ ಕೇಳಿ, ಅವರು ಮೂಲೆಯಲ್ಲಿ ಸೀರೆಯ ಥಾನು ಬಿಚ್ಚಿ ನೋಡುತ್ತಿದ್ದ ಒಬ್ಬ ಮುದುಕಿಯ ಕಡೆ ಕೈ ತೋರಿಸಿದರು. ಅದು ಅವರ ಬಾ, ಅಂದರೆ ತಾಯಿ. ಅಪ್ಪ ಸತ್ತಾಗ ತಾನಿನ್ನೂ ಶಾಲೆಗೆ ಹೋಗುತ್ತಿದ್ದೆ, ಅಂದಿನಿಂದ ಈ ಅಂಗಡಿಯ ಪುಸ್ತಕದಲ್ಲಿ ಮೊದಲ ಶ್ರೀ ಬರೆಯುವವಳು ಬಾ, ಈ ಸಲ ಶಾಯಿ ಚೆಲ್ಲಿದ್ದೂ ಅವಳ ಕೈಯ ಮೇಲೆಯೇ, ಎಂದರು.

ಇದು ತೀರಾ ಅಚ್ಚುಕಟ್ಟಾಗಿದೆ. ನನಗೆ ಅನುಮಾನ. ನನ್ನ ನೆನಪಿನಲ್ಲಿ ಬಾ ಬಿಳಿ ಸೀರೆ ಉಟ್ಟಿದ್ದಾಳೆ. ವರ್ಷಗಳ ಮೇಲೆ ಅಪ್ಪಯ್ಯನನ್ನು ಕೇಳಿದಾಗ ಅವರು ಬಿಳಿ ಅಲ್ಲ, ತಿಳಿಹಸಿರು ಎಂದರು. ತಾಯಿಯೋ ಚಿಕ್ಕಮ್ಮನೋ ಎಂದೂ ಅವರಿಗೆ ಸಂಶಯವಿತ್ತು. ಆ ದಿನ ಆಕೆ ಅಲ್ಲಿ ಕೂತೇ ಇರಲಿಲ್ಲ, ನಟುಭಾಯಿ ಬಾಯಿಮಾತಿನಲ್ಲಿ ಹೇಳಿದ್ದನ್ನು ನಾನೇ ಮೂಲೆಯಲ್ಲಿ ತಂದು ಕೂರಿಸಿಕೊಂಡಿದ್ದೇನೋ ಏನೋ. ಅದೆಲ್ಲವನ್ನೂ ಬಿಟ್ಟುಕೊಡುತ್ತೇನೆ. ಆದರೆ ‘ಕೋಣೇ ಕಹ್ಯುಂ’ ನನ್ನ ಕಿವಿಯಿಂದಲೇ ಕೇಳಿದ್ದು. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ವಾಪಸು ಬರುವ ರೈಲು ಭರೂಚ್ ದಾಟಿತು. ಆಮೇಲೆ ಅಪ್ಪಯ್ಯ ಹೇಳಿದರು, "ಅಲ್ಲಿ ಆದದ್ದನ್ನು ಅಣ್ಣಯ್ಯನಿಗೆ ಹೇಳುದು ಬೇಡ."

"ಯಾಕೆ?"

"ಬೇಜಾರು ಮಾಡ್ಕೊಳ್ತಾನೆ."

ನಾನು ನಕ್ಕುಬಿಟ್ಟೆ. ಎದುರಿನ ಸೀಟಿನವರು ತಿರುಗಿ ನೋಡಿದರು. "ಅತ್ತೆಗೆ ಬೇಜಾರಾದದ್ದು?"

"ಅವಳಿಗೆ ಅಭ್ಯಾಸ ಉಂಟು" ಎಂದರು ಅಪ್ಪಯ್ಯ. ಮೆತ್ತಗೆ, ಪ್ರೀತಿಯಿಂದಲೇ ಅಂದರು. ಅದಕ್ಕೇ ಆ ಮಾತನ್ನು ಇಂದಿಗೂ ನನಗೆ ನುಂಗಲಿಕ್ಕೆ ಆಗಿಲ್ಲ.

ದೊಡ್ಡಪ್ಪನಿಗೆ ಯಾರೂ ಹೇಳಲಿಲ್ಲ. ನಿಬ್ಬಿನಲ್ಲಿ ದೋಷವಿತ್ತಂತೆ ಎಂದು ತಿಳಿಸಲಾಯಿತು. ನಟುಭಾಯಿ ಮರುವರ್ಷ ನಮ್ಮ ಕಡೆ ಬರಲಿಲ್ಲ. ಶಾಯಿಯ ಮಡುವಿನ ಸುದ್ದಿ ಸೂರತ್ತಿನ ಬಟ್ಟೆಬಜಾರಿನಲ್ಲಿ ಬಾಯಿಂದ ಬಾಯಿಗೆ ಹೋಗಿ, ಅಪಶಕುನದ ಪೆನ್ನು ಎಂಬ ಹೆಸರಾಯಿತು. ದೀಪಾವಳಿಯ ವ್ಯಾಪಾರವೇ ನಮ್ಮ ವರ್ಷದ ಬೆನ್ನೆಲುಬು. ಅದು ಮುರಿದ ಮೇಲೆ ಕಂಪನಿ ಕೆಲವು ವರ್ಷ ತೆವಳಿ, ಲೇತುಗಳನ್ನು ಮಾರಿ, ನಿಂತಿತು. ಬಾಲ್‌ಪೆನ್ನು ಬಂದದ್ದು ಹೌದು, ಕಂಪ್ಯೂಟರು ಬಂದದ್ದೂ ಹೌದು. ಅವು ನಮ್ಮ ಹೊಸ್ತಿಲಿಗೆ ಬರುವ ಹೊತ್ತಿಗೆ ನಾವೇ ಬಾಗಿಲು ತೆರೆದಿಟ್ಟು ಒಳಗೆ ಮಲಗಿದ್ದೆವು.

ಸರಸತ್ತೆಯ ಬಗ್ಗೆ ಮನೆಯವರು ಹೇಳುವುದು ಒಂದೇ ಮಾತು: ಅವಳದು ದೊಡ್ಡ ಮನಸ್ಸು, ಮರುದಿನವೇ ಮೇಜಿಗೆ ವಾಪಸು ಬಂದಳು, ಒಂದು ದಿನವೂ ಆಡಿ ತೋರಿಸಲಿಲ್ಲ, ಎಲ್ಲರನ್ನೂ ಕ್ಷಮಿಸಿದಳು. ಸುಧೀಂದ್ರನ ಚರಿತ್ರೆಯಲ್ಲಿ ಅದಕ್ಕೊಂದು ಪ್ಯಾರಾ ಕಾದಿದೆಯಂತೆ. ಅವಳೀಗ ಇಲ್ಲ, ಬಂದು ಅದು ಹಾಗಲ್ಲ ಎನ್ನಲಾರಳು. ಅವಳು ಮೇಜಿಗೆ ವಾಪಸು ಹೋದ ಬೆಳಿಗ್ಗೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದವಳು ನಾನು.

ಸೂರತ್ತಿನಲ್ಲಿ ನಡೆದದ್ದನ್ನು ಅವಳಿಗೆ ಹೇಳಿದೆ. ಅವಳು ಸೌತೆಕಾಯಿ ಹೆಚ್ಚುತ್ತಾ ಪೂರ್ತಿ ಕೇಳಿದಳು. ನಾನು ‘ಕೋಣೇ ಕಹ್ಯುಂ’ವರೆಗೆ ಬಂದಾಗ ಅವಳು ಅಳುತ್ತಾಳೋ, ನಗುತ್ತಾಳೋ ಎಂದು ಕಾದೆ. ಅವಳು ಕೇಳಿದ್ದು ಬೇರೆ.

"ನಿನ್ನ ಅಪ್ಪಯ್ಯ ಹೇಳಿದ್ನಾ ಅಲ್ಲಿ? ಬಾಯಿ ಬಿಟ್ಟು?"

"ಹೇಳಿದ್ರು ಅತ್ತೆ. ಎಲ್ಲ ಹೇಳಿದ್ರು."

"ಅಲ್ಲಿ ಹೇಳ್ಲಿಕ್ಕೆ ಆಯ್ತು" ಎಂದಳು, ಸೌತೆಕಾಯಿಯ ತೊಟ್ಟಿನ ತುಂಡನ್ನು ಬಾಯಿಗೆ ಹಾಕಿಕೊಂಡು ಕಹಿ ನೋಡುತ್ತಾ.

ಅಷ್ಟರಲ್ಲಿ ಕೆಳಗೆ ಫೋನು ಬಂತು. ಅಪ್ಪಯ್ಯ ಮೆಟ್ಟಿಲ ಬುಡದಿಂದ ಕೂಗಿ ಹೇಳಿದರು: ವಾಪಸು ಬರುವ ಪೆನ್ನುಗಳನ್ನೆಲ್ಲ ಸರಿಮಾಡಿ ಕೊಡಬೇಕಂತೆ, ಸರಸನನ್ನು ಕೂರಿಸಲಿಕ್ಕೆ ಅಣ್ಣಯ್ಯ ಹೇಳಿದ್ದಾನೆ. ಅವಳ ಹೆಸರನ್ನು ಅವಳಿಗಲ್ಲ, ಮೆಟ್ಟಿಲಿಗೆ ಹೇಳಿದರು. ಸರಸತ್ತೆ ಕತ್ತಿ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ನಾನು ಬಾಗಿಲಿಗೆ ಅಡ್ಡ ಕೈ ಇಟ್ಟೆ.

"ಹೋಗ್ಬೇಡ ಅತ್ತೆ. ಒಂದು ಸಲ ಇಲ್ಲ ಅನ್ನು. ಒಂದೇ ಸಲ."

"ಇಲ್ಲ ಅಂದು ಎಲ್ಲಿಗೆ ಹೋಗುದು ಮಾರಾಯ್ತಿ?"

"ಎಲ್ಲಿಗಾದ್ರೂ."

"ಎಲ್ಲಿಗಾದ್ರೂ ಅಂದ್ರೆ ಆಗುದಿಲ್ಲ. ಜಾಗ ಹೇಳು. ಟ್ರಂಕು ತಗೊಂಡು ಈಗ್ಲೇ ಹೊರಡ್ತೇನೆ."

ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಾ ಕಾದಳು. ಕೆಳಗೆ ತರಕಾರಿಯ ಗಾಡಿಯವನು ಕೂಗುತ್ತಾ ಪೋಳಿನ ಈ ತುದಿಯಿಂದ ಆ ತುದಿಗೆ ಹೋದ, ಅವಳು ಆಗಲೂ ಕಾಯುತ್ತಿದ್ದಳು. ನಾನು ಸಾಲಿಗ್ರಾಮವನ್ನು ಯೋಚಿಸಿದೆ, ಅಲ್ಲಿ ಅವಳ ಮೈದುನ ಇದ್ದ. ಉಡುಪಿ ಹೋಟೆಲುಗಳ ಅಡುಗೆಮನೆಗಳನ್ನು ಯೋಚಿಸಿದೆ, ಅಲ್ಲಿ ಗಂಡಸರನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. ನನ್ನದೇ ಒಂದು ಕೋಣೆ ಎಲ್ಲಾದರೂ ಇದೆಯೇ ಎಂದು ಯೋಚಿಸಿದೆ. ನಾನೂ ಇದೇ ಮನೆಯಲ್ಲಿ, ಅವಳ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದೆ.

ಇನ್ನು ನಾನು ಯಾವ ಜಾಗವನ್ನೂ ಹೇಳುವುದಿಲ್ಲ ಎಂದು ಖಚಿತವಾದ ಮೇಲೆ ಅವಳು ಬಾಗಿಲ ಮೇಲಿದ್ದ ನನ್ನ ಕೈಯನ್ನು, ಪರದೆ ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿ, ಕೆಳಗಿಳಿದು ಹೋದಳು.